ಕಾಯಿಲ್ ಒಲಿ: ಮೀಟರಿನ್ಯಾಗ ಓಮ್ ಸರಿ ಬರ್ತೈತಿ, ಆದ್ರೂ ತುದಿಯಾಗ ಕಾಯಿಲ್ ಹರೀತೈತಿ

ಸಪ್ತಾಪುರ_ರೂಮ್ (ಧಾರವಾಡ)

ನಮಸ್ಕಾರ್ರೀ. 8 ಇಂಚಿನ ಬಿಳಿ ಪಿಂಗಾಣಿ ಪ್ಲೇಟಿನ ಕರೆಂಟಿನ ಕಾಯಿಲ್ ಒಲಿ, ಅದಕ್ಕ 2000 ವ್ಯಾಟಿನ ಕಾಯಿಲ್. ಹೊಸಾದು ಹಾಕಿದಾಗೆಲ್ಲ ಒಂದ ಕಡೆ ಹರೀತೈತಿ: ಬಲಗಡೆ ಟರ್ಮಿನಲ್‌ನಿಂದ (ಕಾಯಿಲ್ ತುದಿ ನಟ್ ಹಾಕಿ ಕಟ್ಟೂ ಜಾಗಾ) ಒಂದೂವರಿ ಇಂಚಿನೊಳಗ. ನಡುವ ಎಲ್ಲೂ ಹರಿಯಂಗಿಲ್ಲ. ಹರಿಯೂದಕ್ಕ ಮೊದಲ ಆ ಜಾಗಾ ಉಳಿದಿದ್ದಕ್ಕಿಂತ ಬೆಳ್ಳಗ ಉರೀತೈತಿ.

ಅಳತಿ ಹಿಂಗೈತ್ರಿ: ಹೊಸ ಕಾಯಿಲ್ ತಣ್ಣಗಿದ್ದಾಗ ಪ್ರತಿರೋಧ 24.8 ಓಮ್. ವೋಲ್ಟೇಜ್ ಸಂಜಿಗೆ 205, ರಾತ್ರಿ ಹತ್ತರ ಮ್ಯಾಲೆ 238. ಸಾಕೆಟ್ 16 ಆಂಪಿಂದು, ಪ್ಲಗ್ ಮೂರು ಪಿನ್ನಿಂದು. ಲೆಕ್ಕದ ಪ್ರಕಾರ 2000 ವ್ಯಾಟಿಗೆ 26 ಓಮ್ ಹತ್ರ ಬರಬೇಕು, ಅದು ಸರಿನ ಐತಿ ಅನ್ನಸ್ತೈತಿ. ಮತ್ತ ತಪ್ಪು ಎಲ್ಲೈತಿ?

ವೈಂಡಿಂಗ್_ಹಳೇಹುಬ್ಬಳ್ಳಿ

ತಮ್ಮಾ, ಓಮ್ ಸರಿ ಐತಿ ಅಂದ್ರ ಕಾಯಿಲ್ ಸರಿ ಐತಿ ಅಂತಲ್ಲ. ನಾಕು ವಿಷಯ ನೋಡಿ ಹೇಳ್ರಿ.

ಒಂದು, ಪಾಕೀಟಿನಿಂದ ತಗದ ಹೊಸ ಕಾಯಿಲ್ ಎಳಿಯೂದಕ್ಕ ಮೊದ್ಲ ಸ್ಕೇಲ್ ಹಚ್ಚಿ 20 ಸುತ್ತಿನ ಉದ್ದ ಎಷ್ಟು ಮಿ.ಮೀ. ಐತಿ ನೋಡ್ರಿ. ಸುತ್ತು ಒಂದಕ್ಕೊಂದು ಅಂಟಿರಬೇಕು. ಎರಡು, ಟರ್ಮಿನಲ್‌ಗೆ ಬರೋ ತುದಿ ಒಂಟಿ ತಂತಿನೋ, ಮಡಚಿ ಜೋಡಿ ಮಾಡಿದ್ದೋ? ಮೂರು, ಬಲಗಡೆ ನಟ್ ಯಾವ ಬಣ್ಣ ಆಗೈತಿ, ವಾಯ್ಸರ್ (ನಟ್ ಕೆಳಗಿನ ಚಪ್ಪಟಿ ಬಿಲ್ಲಿ, ವಾಷರ್) ಅದಾವೋ ಇಲ್ಲೋ? ನಾಕು, ಕಾಯಿಲ್‌ಗೆ ಅಯಸ್ಕಾಂತ ಹತ್ತತೈತೋ ಇಲ್ಲೋ?

ಸಪ್ತಾಪುರ_ರೂಮ್

20 ಸುತ್ತು 11 ಮಿ.ಮೀ. ಬಂತ್ರಿ, ಬಾಳ ಆದ್ರ ಸ್ವಲ್ಪ ಮ್ಯಾಲೆ. ತುದಿ ಒಂಟಿ ತಂತಿ. ಬಲಗಡೆ ಹಿತ್ತಾಳಿ ನಟ್ ಕರ್ರಗಾಗೈತಿ, ಎಡಗಡೆದು ಇನ್ನೂ ಹಳದಿ ಐತಿ. ಬಲಗಡೆ ವಾಯ್ಸರ್ ಇಲ್ಲ, ನಟ್ ಕೆಳಗ ನೇರ ತಂತಿ ಸುತ್ತೇತಿ. ಅಯಸ್ಕಾಂತ ಹತ್ತಂಗಿಲ್ಲ.

ವೈಂಡಿಂಗ್_ಹಳೇಹುಬ್ಬಳ್ಳಿ

ಹಂಗಾದ್ರ ಎರಡು ರೋಗ ಕೂಡ್ಯಾವು. ಟರ್ಮಿನಲ್ ಸಡಲು ಇರೂದು ಒಂದು, ತಂತಿ ಸಣ್ಣದಿರೂದು ಇನ್ನೊಂದು. ಬರೇ ಟರ್ಮಿನಲ್ ಸರಿ ಮಾಡಿದ್ರ ಮುಂದ ನಡುವ ಹರೀತೈತಿ. ಬರೇ ಕಾಯಿಲ್ ಬದಲಿಸಿದ್ರ ಮತ್ತ ಅದ ತುದಿ ಹೋಗ್ತೈತಿ. ಎರಡೂ ಕೂಡೇ ಮಾಡಬೇಕು.

20 ಸುತ್ತಿಗೆ 11 ಮಿ.ಮೀ. ಅಂದ್ರ ಅದು 24 ಗೇಜ್ ತಂತಿ, ದಪ್ಪ 0.56 ಮಿ.ಮೀ. 2000 ವ್ಯಾಟಿಗೆ ಬೇಕಾದ್ದು 22 ಗೇಜ್, 0.71 ಮಿ.ಮೀ., ಅದರ 20 ಸುತ್ತಿಗೆ 14 ಮಿ.ಮೀ. ಬರಬೇಕು. ಅಂಗಡಿಯಾಗ ವ್ಯಾಟ್ ಕೇಳಿ ಕೊಡ್ತಾರ, ಗೇಜ್ ಯಾರೂ ಕೇಳಂಗಿಲ್ಲ. ಅಲ್ಲೇ ಮೋಸ ಹೋಗೂದು.

ನೈಕ್ರೋಮ್ (ನಿಕಲ್, ಕ್ರೋಮಿಯಂ ಕೂಡಿಸಿದ ಕಾಯಿಲ್ ಲೋಹ) ತಂತಿ 24 ಗೇಜಿಂದು ಒಂದು ಮೀಟರಿಗೆ ಸುಮಾರು 4.4 ಓಮ್, 22 ಗೇಜಿಂದು ಸುಮಾರು 2.7 ಓಮ್. 25 ಓಮ್ ಆಗಾಕ ಸಣ್ಣ ತಂತಿ 5.6 ಮೀಟರ್ ಸಾಕು, ದಪ್ಪಂದು 9 ಮೀಟರ್ ಮ್ಯಾಲೆ ಬೇಕು. ಅದಕ್ಕ ಸಣ್ಣ ತಂತಿ ಕಾಯಿಲ್ ಅಗ್ಗ ಬೀಳ್ತೈತಿ, ಮಾಲ ಕಡಿಮಿ. ತೂಕಕ್ಕ ಹಾಕಿ ನೋಡ್ರಿ: 22 ಗೇಜಿನ 2000 ವ್ಯಾಟ್ ಕಾಯಿಲ್ ಹತ್ತಹತ್ರ 30 ಗ್ರಾಂ ಬರ್ತೈತಿ, 24 ಗೇಜಿಂದು 11–12 ಗ್ರಾಂ. ಕೈಯಾಗ ಹಿಡದ್ರನ ತಿಳೀತೈತಿ. ಉದ್ದಾನೂ ಅಷ್ಟ, ಸುತ್ತಿನ ಹೊರ ಅಗಲ 6 ಮಿ.ಮೀ. ಇದ್ರ ದಪ್ಪಂದು ಮುಚ್ಚಿದ ಕಾಯಿಲ್ ಒಂದು ಗೇಣಿಗಿಂತ ಬಾಳ ಉದ್ದ, 39 ಸೆಂ.ಮೀ. ಸುಮಾರು. ಸಣ್ಣಂದು 18 ಸೆಂ.ಮೀ. ಮಾತ್ರ.

ಗದಗ_ಪಾಲಿಟೆಕ್ನಿಕ್

ಮೇಲಿನವರು ಹೇಳಿದ್ದಕ್ಕೆ ಕಾರಣ ಲೆಕ್ಕದಲ್ಲೇ ಇದೆ, ಬರೆದುಬಿಡುತ್ತೇನೆ. ಕಾಯಿಲ್‌ನ ಆಯುಷ್ಯ ನಿರ್ಧರಿಸುವುದು ಒಟ್ಟು ವ್ಯಾಟ್ ಅಲ್ಲ. ತಂತಿಯ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿನಿಂದ ಎಷ್ಟು ಶಾಖ ಹೊರಗೆ ಹೋಗಬೇಕು ಎಂಬುದು. 24 ಗೇಜಿನ 5.6 ಮೀಟರ್ ತಂತಿಯ ಮೇಲ್ಮೈ ಸುಮಾರು 98 ಚದರ ಸೆಂ.ಮೀ. ಅದರಿಂದ 2000 ವ್ಯಾಟ್ ಹೊರಬೀಳಬೇಕಾದರೆ ಪ್ರತಿ ಚದರ ಸೆಂ.ಮೀ.ಗೆ 20 ವ್ಯಾಟ್. 22 ಗೇಜಿನ 9.1 ಮೀಟರಿಗೆ ಮೇಲ್ಮೈ ಸುಮಾರು 203 ಚದರ ಸೆಂ.ಮೀ., ಅಂದರೆ 10 ವ್ಯಾಟ್. ಶಾಖ ಅಷ್ಟೇ, ಕರೆಂಟ್ ಬಿಲ್ಲೂ ಅಷ್ಟೇ. ಆದರೆ ಸಣ್ಣ ತಂತಿ ತನ್ನ ಶಾಖ ಬಿಡಲಾಗದೆ ಹೆಚ್ಚು ಬಿಸಿಯಾಗಿ ಓಡುತ್ತದೆ.

80 ಭಾಗ ನಿಕಲ್, 20 ಭಾಗ ಕ್ರೋಮಿಯಂ ಇರುವ ನೈಕ್ರೋಮ್ ಸುಮಾರು 1400 ಡಿಗ್ರಿಗೆ ಕರಗುತ್ತದೆ, 1200ರ ಒಳಗೆ ಇಟ್ಟರೆ ಬಾಳುತ್ತದೆ. ಮೊದಲ ಬಾರಿ ಕೆಂಪಾದಾಗ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ಒಳಗಿನ ಲೋಹವನ್ನು ಕಾಯುವುದು ಅದೇ. ತಾಪ ಅತಿಯಾದರೆ ಆ ಪದರ ಸಿಪ್ಪೆಯೇಳುತ್ತದೆ, ಮತ್ತೆ ಕಟ್ಟುತ್ತದೆ, ಪ್ರತಿ ಸಲ ತಂತಿ ಸ್ವಲ್ಪ ತೆಳುವಾಗುತ್ತದೆ. ತೆಳುವಾದಲ್ಲಿ ಪ್ರತಿರೋಧ ಹೆಚ್ಚಿ ಅಲ್ಲೇ ಇನ್ನಷ್ಟು ಬಿಸಿ. ನೀವು ನೋಡಿದ ಬೆಳ್ಳಗಿನ ಚುಕ್ಕೆ ಈ ಸರಪಳಿಯ ಕೊನೆಯ ಹಂತ.

ಇನ್ನು ವೋಲ್ಟೇಜ್. ವ್ಯಾಟ್ ಬದಲಾಗುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. 230ಕ್ಕೆ 2000 ವ್ಯಾಟ್ ಕೊಡುವ ಕಾಯಿಲ್ 205ಕ್ಕೆ ಸುಮಾರು 1590, 190ಕ್ಕೆ 1365, 238ಕ್ಕೆ 2140, 250ಕ್ಕೆ 2360. ಸಂಜೆ ಅನ್ನ ತಡವಾಗಿ ಬೇಯುವುದಕ್ಕೂ ರಾತ್ರಿ ಕಾಯಿಲ್ ಹರಿಯುವುದಕ್ಕೂ ಇದೇ ಕಾರಣ. ಸಂಜೆ ಉರಿ ಸಾಲದು ಎಂದು ಹೆಚ್ಚು ವ್ಯಾಟಿನ ಕಾಯಿಲ್ ಹಾಕಿಕೊಂಡರೆ ರಾತ್ರಿ ಅದು ಉಳಿಯುವುದಿಲ್ಲ.

ನಿಮ್ಮ 24.8 ಓಮ್ ಸರಿಯಾದ ಅಳತೆಯೇ. ನೈಕ್ರೋಮ್ ಕೆಂಪಾದಾಗ ಪ್ರತಿರೋಧ ಶೇಕಡಾ 4–6 ಏರುತ್ತದೆ, ಆಗ 26 ಆಗುತ್ತದೆ. ಮೀಟರನ್ನು 200 ಓಮ್ ರೇಂಜಿನಲ್ಲಿಟ್ಟು, ಮೊದಲು ಎರಡು ಪ್ರೋಬ್ ಒಂದಕ್ಕೊಂದು ಹಿಡಿದು ಬರುವ ಅಂಕಿಯನ್ನು ಕಳೆಯಿರಿ.

ಬೆಟಗೇರಿ_ರಿಪೇರಿ

ಹರಿದ ತುದಿ ಕತ್ತರಿಸಿ, ಉಳಿದಿದ್ದನ್ನ ಸ್ವಲ್ಪ ಎಳದು ಮತ್ತ ಟರ್ಮಿನಲ್‌ಗೆ ಹಾಕಿದ್ರ ನಡೀತದಲ್ರಿ? ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಾರ.

ಗದಗ_ಪಾಲಿಟೆಕ್ನಿಕ್

ಒಲೆ ಹತ್ತುತ್ತದೆ, ಬಾಳುವುದಿಲ್ಲ. ಹತ್ತರಲ್ಲಿ ಒಂದು ಭಾಗ ಕತ್ತರಿಸಿದಿರಿ ಎನ್ನಿ. 24.8 ಓಮ್ 22.3 ಆಯಿತು, 2000 ವ್ಯಾಟ್ 2220 ಆಯಿತು. ಅದೇ ಹೊತ್ತಿಗೆ ಶಾಖ ಬಿಡುವ ಮೇಲ್ಮೈ ಹತ್ತರಲ್ಲಿ ಒಂದು ಭಾಗ ಕಡಿಮೆಯಾಯಿತು. ಎರಡೂ ಸೇರಿ ತಂತಿಯ ಮೇಲಿನ ಹೊರೆ ಸುಮಾರು ಕಾಲುಭಾಗ ಹೆಚ್ಚು. ಹೀಗಾಗಿ ಪ್ರತಿ ಸಲ ಕತ್ತರಿಸಿದಾಗಲೂ ಕಾಯಿಲ್ ಮುಂದೆ ಇನ್ನೂ ಬೇಗ ಹರಿಯುತ್ತದೆ. ಜೊತೆಗೆ ಹಳೆಯ ಕಾಯಿಲ್ ಎಳೆದಾಗ ಆಕ್ಸೈಡ್ ಪದರ ಬಿರಿಯುತ್ತದೆ. ಒಂದೆರಡು ಸುತ್ತು ಹೋದರೆ ಪರವಾಗಿಲ್ಲ, ಬೆರಳುದ್ದ ಹೋದರೆ ಹೊಸದು ತನ್ನಿ.

ವೈಂಡಿಂಗ್_ಹಳೇಹುಬ್ಬಳ್ಳಿ

ನಡುವ ಹರಿದದ್ದನ್ನ ಕೊಕ್ಕಿ ಹಾಕಿ ಜೋಡಸೂದಂತೂ ಬ್ಯಾಡೇ ಬ್ಯಾಡ. ಹಳೇ ತಂತಿ ಮ್ಯಾಲಿನ ಕರೀ ಪದರಿನ್ಯಾಗ ಕರೆಂಟ್ ಸರಿಯಾಗಿ ಹರಿಯಂಗಿಲ್ಲ, ಕೊಕ್ಕಿ ಇದ್ದಲ್ಲೇ ಕಿಡಿ ಬಿಟ್ಟು ಮತ್ತ ಹರೀತೈತಿ. ಸೋಲ್ಡರ್ ಹಚ್ಚಿದ್ರ 183 ಡಿಗ್ರಿಗೆ ಕರಗಿ ಇಳೀತೈತಿ.

ಈಗ ಮುಖ್ಯ ಕೆಲಸ, ಕಾಯಿಲ್ ಎಳಿಯೂದು. ಇಲ್ಲಿ ಅವಸರ ಮಾಡಿದವರ ಒಲಿ ಯಾವತ್ತೂ ಸರಿ ಉರಿಯಂಗಿಲ್ಲ.

ಪ್ಲಗ್ ತಗೀರಿ, ಪ್ಲೇಟ್ ತಣ್ಣಗಾಗಲಿ. ಒಣಾ ಹಲ್ಲುಜ್ಜೂ ಬ್ರಶ್‌ನಿಂದ ಗ್ರೂವ್ (ಪ್ಲೇಟಿನ್ಯಾಗ ಕಾಯಿಲ್ ಕೂಡೂ ಗಾಡಿ) ಪೂರಾ ತಿಕ್ಕಿ ಬೂದಿ, ಹಳೇ ಕಾಯಿಲಿನ ಸಿಪ್ಪಿ, ಅಂಟಿದ ಅನ್ನ ಎಲ್ಲಾ ತಗೀರಿ. ಹಳೇ ಸಿಪ್ಪಿ ಉಳದ್ರ ಹೊಸ ಕಾಯಿಲ್ ಅದರ ಮ್ಯಾಲೆ ಕುಂತು ಮ್ಯಾಲೆದ್ದು ನಿಲ್ತೈತಿ. ಆಮ್ಯಾಲೆ ಸುತಳಿ ತಗೊಂಡು ಒಂದು ಟರ್ಮಿನಲ್‌ನಿಂದ ಇನ್ನೊಂದರ ತನಕ ಗ್ರೂವಿನ್ಯಾಗ ಕೂಡಸ್ರಿ, ತಿರುವಿನ್ಯಾಗ ತಳಕ್ಕ ಒತ್ರಿ. ತಗದು ಅಳೀರಿ. 120 ಸೆಂ.ಮೀ. ಬಂತಂದ್ರ ಕಾಯಿಲ್ ಎಳದು ಬಿಟ್ಟ ಮ್ಯಾಲೆ 116–117 ಸೆಂ.ಮೀ. ಇರಬೇಕು. ಬಿಟ್ಟ ಮ್ಯಾಲೆ ಅಂತ ಬರದೇನಿ, ಎಳದು ಹಿಡದಾಗ ಅಲ್ಲ. ಸ್ಪ್ರಿಂಗ್ ವಾಪಸ್ ಬರ್ತೈತಿ, ಅದಕ್ಕ ಸ್ವಲ್ಪ ಎಳದು, ಬಿಟ್ಟು, ಅಳದು, ಮತ್ತ ಎಳೀಬೇಕು. ಒಮ್ಮಿ ಹೆಚ್ಚಿಗಿ ಎಳದ್ರ ವಾಪಸ್ ಗಿಡ್ಡ ಮಾಡಾಕ ಬರಂಗಿಲ್ಲ.

ಮೂರ್ನಾಕು ಸೆಂ.ಮೀ. ಕಡಿಮಿ ಯಾಕಂದ್ರ ಕೆಂಪಾದಾಗ ತಂತಿ ಶೇಕಡಾ ಒಂದೂವರಿಯಷ್ಟು ಉದ್ದ ಆಗ್ತೈತಿ. 120 ಸೆಂ.ಮೀ. ಕಾಯಿಲ್ ಹತ್ತಹತ್ರ 2 ಸೆಂ.ಮೀ. ಬೆಳೀತೈತಿ. ಸಡಲಾಗಿ ಕೂಡಸಿದ್ರ ಆ ಉದ್ದ ಎಲ್ಲೆರ ಹೋಗಬೇಕಲ್ಲ, ಗ್ರೂವ್ ಬಿಟ್ಟು ಗುಬ್ಬಿ ಎದ್ದು ಪಾತ್ರಿ ತಳಕ್ಕ ತಾಗ್ತೈತಿ. ಬಾಳ ಬಿಗಿ ಕೂಡಸಿದ್ರ ತಿರುವಿನ್ಯಾಗ ಒಳಗಡೆ ಗ್ವಾಡಿ ಮ್ಯಾಲೆ ಹತ್ತತೈತಿ.

ಎಳಿಯೂವಾಗ ಎರಡೂ ತುದಿ ಅಷ್ಟ ಹಿಡೀರಿ, ಒಬ್ಬರು ಒಂದು ತುದಿ ಇಕ್ಕಳದಾಗ, ಇನ್ನೊಬ್ಬರು ಇನ್ನೊಂದು. ನಡುವ ಕೈ ಹಾಕಬ್ಯಾಡ್ರಿ. ನಡುವ ಹಿಡದಲ್ಲಿ ಸುತ್ತು ದಟ್ಟ ಉಳೀತೈತಿ, ಪಕ್ಕದಾಗ ವಿರಳ ಆಗ್ತೈತಿ. ದಟ್ಟ ಇದ್ದಲ್ಲಿ ಸುತ್ತಿಗೆ ಸುತ್ತು ಶಾಖ ಕೊಟ್ಟು ಬೆಳ್ಳಗ ಉರೀತೈತಿ. ಎಳದ ಮ್ಯಾಲೆ ಎರಡು ಸುತ್ತಿನ ನಡುವ ಕಡಿಮಿ ಅಂದ್ರೂ ತಂತಿ ದಪ್ಪದಷ್ಟು ಸಂದು ಬೇಕು, ಎರಡರಷ್ಟಿದ್ರ ಇನ್ನೂ ಚಲೋ. 39 ಸೆಂ.ಮೀ. ಕಾಯಿಲ್ 117ಕ್ಕ ಬಂದ್ರ ಸರಿಯಾಗಿ ಮೂರು ಪಟ್ಟು, ಎರಡು ದಪ್ಪದ ಸಂದು ಸಿಗ್ತೈತಿ.

ಸಪ್ತಾಪುರ_ರೂಮ್

ಟರ್ಮಿನಲ್ ಹೆಂಗ ಕಟ್ಟಬೇಕು ಅಂತ ಬಿಡಿಸಿ ಹೇಳ್ರಿ ಅಣ್ಣಾರ. ಅಯಸ್ಕಾಂತ ಯಾಕ ಕೇಳಿದ್ರಿ ಅಂತಾನೂ.

ವೈಂಡಿಂಗ್_ಹಳೇಹುಬ್ಬಳ್ಳಿ

ಅಯಸ್ಕಾಂತ ಮೊದ್ಲ ಹೇಳ್ತೇನಿ. ನೈಕ್ರೋಮ್‌ಗೆ ಅದು ಹತ್ತಂಗಿಲ್ಲ. ಹತ್ತಿದ್ರ ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ತಂತಿ. ಅದೂ ಒಳ್ಳೆ ತಂತಿನ, ಹೆಚ್ಚಿನ ಶಾಖ ತಡೀತೈತಿ, ಆದ್ರ ಒಮ್ಮಿ ಕೆಂಪಾತಂದ್ರ ಪೆಡಸಾಗಿಬಿಡ್ತೈತಿ. ಆಮ್ಯಾಲೆ ಬಗ್ಗಿಸಿದ್ರ, ನಟ್ ಬಿಚ್ಚಿ ಮತ್ತ ತಿರುವಿದ್ರ ಪಟ್ ಅಂತ ಮುರೀತೈತಿ. ಅಂಥಾ ಕಾಯಿಲ್ ಇದ್ರ ಟರ್ಮಿನಲ್ ಮೊದಲನೇ ಸಲಾನ ಪಕ್ಕಾ ಮಾಡಿ ಮುಗಸಬೇಕು. ಮ್ಯಾಲೆ ಬರದ ತೂಕ, ಉದ್ದ ಎಲ್ಲಾ ನೈಕ್ರೋಮ್‌ಗೆ ಮಾತ್ರ.

ಟರ್ಮಿನಲ್: ಕಾಯಿಲ್ ತುದಿಯಾಗ 10–12 ಸೆಂ.ಮೀ. ತಂತಿ ಬಿಚ್ಚಿ ನೇರ ಮಾಡ್ರಿ. ಅದನ್ನ ಅರ್ಧಕ್ಕ ಮಡಚಿ ಬಿಗಿಯಾಗಿ ಹೊಸೀರಿ. ಈಗ 5–6 ಸೆಂ.ಮೀ. ಜೋಡಿ ಬಾಲ ಆತು. ಜೋಡಿ ಬಾಲದಾಗ ಪ್ರತಿರೋಧ ಅರ್ಧ, ಮ್ಯಾಲ್ಮೈ ಎರಡು ಪಟ್ಟು, ಅಂದ್ರ ಅದರ ಮ್ಯಾಲಿನ ಶಾಖದ ಹೊರೆ ನಾಕರಾಗ ಒಂದು ಭಾಗ. ಅದು ಕೆಂಪಾಗಂಗಿಲ್ಲ, ನಟ್‌ಗೆ ಶಾಖ ಒಯ್ಯಂಗಿಲ್ಲ. ನಿಮ್ಮದು ಒಂಟಿ ತಂತಿ, ಟರ್ಮಿನಲ್ ತನಕ ಕೆಂಪಾಗೇ ಬರ್ತೈತಿ. ತಣ್ಣಗಿನ ನಟ್, ಕೆಂಪು ತಂತಿ ಕೂಡೂ ಜಾಗಾದಾಗ ದಿನಾ ಹಿಗ್ಗಿ ಕುಗ್ಗಿ ಹಿಡಿತ ಸಡಲಾತು.

ಸಡಲಾದ್ರ ಏನಾಗ್ತೈತಿ ಅಂದ್ರ, ಬರೇ ಅರ್ಧ ಓಮ್ ಸಂಪರ್ಕ ದೋಷ ಇದ್ರೂ 8.7 ಆಂಪಿಗೆ 38 ವ್ಯಾಟ್ ಆ ಒಂದು ಚುಕ್ಕಿಯಾಗ ಹುಟ್ತೈತಿ. ಒಂದು ಸೋಲ್ಡರಿಂಗ್ ಐರನ್ನಿನ ಶಾಖ ನಟ್ ಕೆಳಗ ಇಟ್ಟಂಗ. ನಟ್ ಕರ್ರಗಾದದ್ದು ಅದಕ್ಕ.

ಬೋಲ್ಟ್ ಹಿತ್ತಾಳಿದ್ದ ಇರಲಿ ಅಥವಾ ಸ್ಟೀಲಿಂದು, ತುಕ್ಕು ಹಿಡಿಯೂ ಕಬ್ಬಿಣ ಬ್ಯಾಡ. ಕರ್ರಗಾದ ನಟ್, ಬೋಲ್ಟ್ ಎರಡನ್ನೂ ಒಗದು ಹೊಸಾದು ಹಾಕ್ರಿ, ಪಾಲಿಶ್ ಪೇಪರ್ ತಿಕ್ಕಿದ್ರ ತಾತ್ಕಾಲಿಕ ಅಷ್ಟ. ಕ್ರಮ ಹಿಂಗ: ಬೋಲ್ಟ್ ಪಿಂಗಾಣಿಯೊಳಗ ಕುಂತ ಮ್ಯಾಲೆ ಒಂದು ವಾಯ್ಸರ್, ಅದರ ಮ್ಯಾಲೆ ಜೋಡಿ ಬಾಲ ನಟ್ ತಿರುಗೂ ದಿಕ್ಕಿಗೆ ಒಂದು ಸುತ್ತು, ಮತ್ತ ವಾಯ್ಸರ್, ನಟ್. ಇದು ಕಾಯಿಲ್‌ದು. ಒಳಬರೂ ವಾಯರಿಗೆ ಬ್ಯಾರೇ ವಾಯ್ಸರ್, ಬ್ಯಾರೇ ನಟ್, ವಾಯರ್ ತುದಿಗೆ ಲಗ್ (ಬೋಲ್ಟಿಗೆ ಹಾಕೂ ಲೋಹದ ಉಂಗುರ) ಒತ್ತಿರಬೇಕು. ಕಾಯಿಲ್ ಬಾಲ, ತಾಮ್ರದ ವಾಯರ್ ಎರಡನ್ನೂ ಒಂದ ವಾಯ್ಸರ್ ಕೆಳಗ ಕೂಡೇ ಹೊಸೆದು ಕಟ್ಟಿದ್ರ ಒಂದು ಬಿಗಿ, ಒಂದು ಸಡಲು ಆಗ್ತಾವು. ಹತ್ತು ನಿಮಿಷ ಉರಿಸಿ, ಪ್ಲಗ್ ತಗದು, ತಣ್ಣಗಾದ ಮ್ಯಾಲೆ ಇನ್ನೊಮ್ಮಿ ನಟ್ ಬಿಗೀರಿ. ಈ ಎರಡನೇ ಬಿಗಿ ಬಾಳ ಮಂದಿ ಬಿಡ್ತಾರ.

ಪಿವಿಸಿ ವಾಯರ್ 70 ಡಿಗ್ರಿ ಮ್ಯಾಲೆ ತಡಿಯಂಗಿಲ್ಲ. ಒಲಿ ಡಬ್ಬಿಯೊಳಗಿನ ವಾಯರಿಗೆ ಗ್ಲಾಸ್ ಫೈಬರ್ ಸ್ಲೀವ್ ಏರಸ್ರಿ, ಪ್ಲೇಟ್ ಕೆಳಗಿನ ಬಾಲಕ್ಕ ಪಿಂಗಾಣಿ ಮಣಿ ಪೋಣಸ್ರಿ. ಮಣಿ, ಸ್ಲೀವ್ ಇಸ್ತ್ರಿಪೆಟ್ಟಿಗಿ ರಿಪೇರಿ ಸಾಮಾನು ಮಾರೂ ಅಂಗಡಿಯಾಗ ಸಿಗ್ತಾವು.

ರಾಣೆಬೆನ್ನೂರ_ಅಡಗಿಮನಿ (ಹಾವೇರಿ ಜಿಲ್ಲಾ)

ಅಡಗಿ ಮಾಡೋರ ಕಡಿಂದ ಒಂದು ಮಾತು ಸೇರಸ್ತೇನ್ರಿ. ಕಾಯಿಲ್ ಒಲಿ ಮ್ಯಾಲೆ ಜ್ವಾಳದ ರೊಟ್ಟಿ ಮಾಡಿದ್ರ ಕಾಯಿಲ್ ಬೇಗ ಹೋಗ್ತೈತಿ, ಅದಕ್ಕ ಎರಡು ಕಾರಣ. ರೊಟ್ಟಿ ಹಂಚಿಗೆ ಹಾಕಿದ ಮ್ಯಾಲೆ ಅರಬಿ ತುಂಡಿಲೆ ನೀರು ಸವರ್ತೇವಿ. ಅರಬಿ ಸರಿ ಹಿಂಡದಿದ್ರ ಹಂಚಿನ ಅಂಚಿನಿಂದ ಹನಿ ಜಾರಿ ನೇರ ಕೆಂಪು ಕಾಯಿಲ್ ಮ್ಯಾಲೆ ಬೀಳ್ತೈತಿ, ಚುರ್ ಅಂದಲ್ಲೆ ಕರೀ ಸಿಪ್ಪಿ ಹಾರ್ತೈತಿ. ನೀರಿನ ಬಟ್ಟಲ ಒಲಿಯಿಂದ ದೂರ ಇಡ್ರಿ, ಅರಬಿ ಹಿಂಡಿ ಹಚ್ರಿ, ಅಂಚಿಗೆ ಒಂದು ಬೆರಳು ಬಿಟ್ಟು ಸವರ್ರಿ.

ಇನ್ನೊಂದು, ಕಬ್ಬಿಣದ ಹಂಚು ಅಗಲ ಇದ್ದು ಪ್ಲೇಟ್ ಪೂರಾ ಮುಚ್ಚಿದ್ರ ಶಾಖ ಕೆಳಗ ಸಿಕ್ಕೊಂಡು ಕಾಯಿಲ್ ಬೆಳ್ಳಗಾಗ್ತೈತಿ. ಹಂಚಿಗೂ ಕಾಯಿಲ್‌ಗೂ ನಡುವ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗಾ ಇರಲಿ. ಒಲಿ ಮ್ಯಾಲಿನ ಸಳಿ ಬಗ್ಗಿದ್ರ ಮೊದ್ಲ ಅದನ್ನ ನೆಟ್ಟಗ ಮಾಡಸ್ರಿ.

ಬ್ಯಾಳಿ ಉಕ್ಕಿ ಚೆಲ್ಲಿದ್ರ ಒಲಿ ಆರಿಸಿ ಪ್ಲಗ್ ತಗದು ಬಿಡ್ರಿ, ಒದ್ದಿ ಅರಬಿ ಹಾಕಬ್ಯಾಡ್ರಿ. ತಣ್ಣಗಾದ ಮ್ಯಾಲೆ ಒಣಾ ಬ್ರಶ್ ಸಾಕು.

ಗದಗ_ಪಾಲಿಟೆಕ್ನಿಕ್

ಅಕ್ಕಾವ್ರು ಹೇಳಿದ್ದು ಅಪ್ಪಟ ಸರಿ. ಉಪ್ಪು ಬೆರೆತ ಸಾರು ಬಿಸಿ ತಂತಿಯ ರಕ್ಷಣಾ ಪದರವನ್ನೇ ತಿನ್ನುತ್ತದೆ. ಸಕ್ಕರೆ, ಹಾಲು ಕರಕಲಾಗಿ ಸುತ್ತುಗಳ ನಡುವೆ ಅಂಟುತ್ತವೆ. ಪ್ಲೇಟನ್ನು ತೊಳೆಯಲೇಬೇಕಾಗಿ ಬಂದರೆ ಎರಡು ದಿನ ಒಳ್ಳೆ ಬಿಸಿಲಲ್ಲಿ ಒಣಗಿಸಿ. ಆ ಪಿಂಗಾಣಿ ಒಳಗೆ ನೀರು ಕುಡಿಯುತ್ತದೆ. ಹಸಿ ಪ್ಲೇಟಿನ ಒಲೆ ಹಚ್ಚಿದರೆ ಕರೆಂಟು ಒಲೆಯ ಮೈಗೆ ಸೋರುತ್ತದೆ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಇದ್ದರೆ ಟ್ರಿಪ್ ಆಗುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅದು ಕೈಗೆ ಹೊಡೆಯುತ್ತದೆ.

ಈ ಒಲೆಯ ದೊಡ್ಡ ಅಪಾಯ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಕಾಯಿಲ್ ಬತ್ತಲೆ ತಂತಿ. ಸ್ಟೀಲ್ ಪಾತ್ರೆಯ ತಳ, ಉದ್ದ ಸೌಟಿನ ತುದಿ, ಉಕ್ಕಿದ ನೀರು ಯಾವುದು ತಾಗಿದರೂ 230 ವೋಲ್ಟ್ ಕೈಗೆ ಬರುತ್ತದೆ. ಎರಡು ಪಿನ್ನಿನ ಪ್ಲಗ್ ಹಾಕಿ ಬಳಸುವುದು ಬೇಡ. ಮೂರನೇ ಪಿನ್ನಿನ ಹಸಿರು ವಾಯರ್ ಒಲೆಯ ಲೋಹದ ಮೈಗೆ, ಬಣ್ಣ ಕೆರೆದ ಜಾಗದಲ್ಲಿ, ನಟ್ ಹಾಕಿ ಬಿಗಿದಿರಬೇಕು. ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕಡೆಯಿಂದ ನೋಡಿಸಿ. ಬಾಡಿಗೆ ರೂಮುಗಳಲ್ಲಿ ಮೂರನೇ ತೂತಿನ ಹಿಂದೆ ವಾಯರೇ ಇಲ್ಲದಿರಬಹುದು.

ಎರಡನೆಯದು, ಸ್ವಿಚ್ ಫೇಸ್‌ನ ಮೇಲೆಯೇ ಇದೆಯೇ? ನ್ಯೂಟ್ರಲ್ ಮೇಲೆ ಇದ್ದರೆ ಸ್ವಿಚ್ ಆರಿಸಿದರೂ ಕಾಯಿಲ್ ಜೀವಂತ. ಹಾಗಾಗಿ ಕಾಯಿಲ್ ಮುಟ್ಟುವ ಯಾವ ಕೆಲಸಕ್ಕೂ ಸ್ವಿಚ್ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ಹೊಸ ಕಾಯಿಲ್ ಹಾಕಿದ ಮೇಲೆ ಪ್ಲಗ್ಗಿನ ಪಿನ್ನುಗಳಲ್ಲೇ ಅಳೆಯಿರಿ: ಎರಡು ಸಣ್ಣ ಪಿನ್ ನಡುವೆ 25 ಓಮ್ ಆಸುಪಾಸು, ಅವುಗಳಿಂದ ದೊಡ್ಡ ಪಿನ್ನಿಗೆ ಏನೂ ಬರಬಾರದು. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಎಲ್ಲ ಸೋರಿಕೆಯೂ ಕಾಣದು. 500 ವೋಲ್ಟಿನ ಮೆಗ್ಗರ್ (ಸೋರಿಕೆ ಅಳೆಯುವ ಮೀಟರ್) ಇದ್ದವರ ಬಳಿ ನೋಡಿಸಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಳಸಬೇಡಿ.

ವಾಯರಿಂಗ್ 2.5 ಚದರ ಮಿ.ಮೀ. ತಾಮ್ರ, ಒಲೆಯ ಕಾರ್ಡ್ ಕನಿಷ್ಠ 1.5. ಟಿವಿ, ಮೊಬೈಲ್ ಚಾರ್ಜರಿಗೆಂದು ತಂದ 6 ಆಂಪಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಈ ಒಲೆ ಚುಚ್ಚಲೇಬಾರದು.

ಬೆಟಗೇರಿ_ರಿಪೇರಿ

ಮೂರು ಉರಿಯ ಸ್ವಿಚ್ ಇರೂ ಒಲಿ ಒಂದು ಬಂದದ. ಸಣ್ಣ ಉರಿ ಹತ್ತೂದಿಲ್ಲ, ನಡುವಿನ ಉರಿ, ದೊಡ್ಡ ಉರಿ ಎರಡೂ ಹತ್ತತಾವ. ಆದ್ರ ದೊಡ್ಡ ಉರಿಯೊಳಗ ಮೊದಲಿನ ಕಾವಿಲ್ಲ.

ವೈಂಡಿಂಗ್_ಹಳೇಹುಬ್ಬಳ್ಳಿ

ಅದರಾಗ 1000 ವ್ಯಾಟಿನ ಎರಡು ಕಾಯಿಲ್ ಇರ್ತಾವು. ಸಣ್ಣ ಉರಿಗೆ ಎರಡೂ ಸೀರೀಸ್ (ಒಂದರ ಹಿಂದ ಒಂದು), 500 ವ್ಯಾಟ್. ನಡುವಿಂದಕ್ಕ ಒಂದ, 1000. ದೊಡ್ಡದಕ್ಕ ಎರಡೂ ಪ್ಯಾರಲಲ್ (ಎರಡಕ್ಕೂ ಬ್ಯಾರೇ ಬ್ಯಾರೇ ನೇರ ಕರೆಂಟ್), 2000. ಸೀರೀಸ್ ಹತ್ತಂಗಿಲ್ಲ, ದೊಡ್ಡದು ಅರ್ಧ ಹತ್ತತೈತಿ ಅಂದ್ರ ನಡುವಿನ ಉರಿಗೆ ಬಾರದ ಎರಡನೇ ಕಾಯಿಲ್ ಹರದೈತಿ. ಅದನ್ನಷ್ಟ ಬದಲಿಸ್ರಿ, ಆದ್ರ ವ್ಯಾಟ್ ಒಂದ ಇರಲಿ. ಒಂದು 1000, ಇನ್ನೊಂದು 1250 ಹಾಕಿದ್ರ ಸಣ್ಣ ಉರಿಯಾಗ 1000ದ್ದ ಹೆಚ್ಚು ಬಿಸಿ ಆಗ್ತೈತಿ. ದೊಡ್ಡ ಉರಿಯಾಗ ಉಲ್ಟಾ.

ಸಪ್ತಾಪುರ_ರೂಮ್

ಸುಭಾಸ ರೋಡಿನ ಕಡೆ ಅಂಗಡಿಯಾಗ ತೂಗಿ ತಂದೆ, 29 ಗ್ರಾಂ, 20 ಸುತ್ತು 14 ಮಿ.ಮೀ. ಸುತಳಿ ಅಳತಿ 124 ಸೆಂ.ಮೀ. ಬಂತು, ಕಾಯಿಲ್ 120ಕ್ಕ ತಂದು ನಿಲ್ಲಿಸೇನಿ. ಎರಡೂ ತುದಿ ಜೋಡಿ ಬಾಲ, ಹೊಸ ಬೋಲ್ಟ್. ಪ್ಲಗ್ ಪಿನ್ನಿನ್ಯಾಗ 25.1 ಓಮ್, ಮೈಗೆ ಏನೂ ಇಲ್ಲ. ಮೊದಲನೇ ಸಲ ಹಚ್ಚೂವಾಗ ಪಾತ್ರಿ ಇಡಬೇಕೋ ಬ್ಯಾಡೋ?

ವೈಂಡಿಂಗ್_ಹಳೇಹುಬ್ಬಳ್ಳಿ

ಬ್ಯಾಡ. ಕಿಟಕಿ ತಗದು, ದೀಪ ಆರಿಸಿ, ಬರೇ ಒಲಿ ಐದು ನಿಮಿಷ ಹಚ್ರಿ. ಕಾರ್ಖಾನ್ಯಾಗ ತಂತಿ ಮಾಡೂವಾಗ ಹಚ್ಚಿದ ಎಣ್ಣಿ ಸುಟ್ಟು ಹೊಗಿ ಬರ್ತೈತಿ, ಅಂಜಬ್ಯಾಡ್ರಿ. ಕತ್ತಲದಾಗ ಇಡೀ ಕಾಯಿಲ್ ಒಂದ ಬಣ್ಣ ಕಾಣಬೇಕು. ಬೆಳ್ಳಗ ಕಂಡಲ್ಲಿ ಸುತ್ತು ದಟ್ಟ ಐತಿ ಅಂತ ಗುರ್ತ ಹಾಕ್ಕೊಂಡು, ಪ್ಲಗ್ ತಗದು, ತಣ್ಣಗಾದ ಮ್ಯಾಲೆ ಮರದ ಕಡ್ಡಿಯಿಂದ ಸರಿಸಿ ಸಮ ಮಾಡ್ರಿ. ನಿಮ್ಮದು ನೈಕ್ರೋಮ್, ಅಷ್ಟು ಸರಿಸೂದಕ್ಕ ತಡೀತೈತಿ. ಟರ್ಮಿನಲ್ ಹತ್ರ ಮಾತ್ರ ಬೆಳ್ಳಗ ಕಂಡ್ರ ನಟ್ ಬಿಗಿ ಸಾಲಿಲ್ಲ. ಜೋಡಿ ಬಾಲ ಕೆಂಪಾಗಬಾರದು, ಆಗಿದ್ರ ಹೊಸೆದದ್ದು ಸಡಲ ಐತಿ, ಬಿಚ್ಚಿ ಮತ್ತ ಹೊಸೀರಿ. ಎರಡನೇ ಸಲ ಹಚ್ಚಿದಾಗ ಹೊಳಪು ಹೋಗಿ ಕಾಯಿಲ್ ಮಂಕ ಬೂದಿ ಬಣ್ಣಕ್ಕ ಬಂದಿದ್ರ ಪಾತ್ರಿ ಇಡ್ರಿ.

ಸಪ್ತಾಪುರ_ರೂಮ್

ಒಂದ ಬಣ್ಣ ಐತ್ರಿ, ಒಳಗಿನ ತಿರುವಿನ್ಯಾಗ ಎರಡು ಬೆರಳಷ್ಟು ಮಾತ್ರ ಸ್ವಲ್ಪ ಬೆಳ್ಳಗ. ತಣ್ಣಗಾಗಲಿ ಅಂತ ಪ್ಲಗ್ ತಗದಿಟ್ಟೇನಿ.

ವೈಂಡಿಂಗ್_ಹಳೇಹುಬ್ಬಳ್ಳಿ

ಒಳ ತಿರುವಿನ್ಯಾಗ ಅದು ಬರ್ತೈತಿ, ಅಲ್ಲಿ ಒಳಗಿನ ಅಂಚಿಗೆ ಸುತ್ತು ಕೂಡತಾವು. ಕಡ್ಡಿಯಿಂದ ನಾಕೈದು ಸುತ್ತು ಹೊರಗಿನ ಗ್ರೂವಿನ ಕಡೆ ತಳ್ರಿ. ಹಂಗ ನಟ್ ಎರಡನೇ ಬಿಗಿನೂ ಈಗ ಹಾಕಿಬಿಡ್ರಿ.